ಅಕ್ಟೋಬರ್ ಮಳೆಗೆ ಆರಿಸಿದ ಟೈರ್

ಸ್ಪೋರ್ಟ್ಸ್ ಕಾರಿನ ಟೈರ್ ವಿಷಯ ಬಂದರೆ ಎಲ್ಲರೂ ಒಣ ರಸ್ತೆಯ ಮಾತೇ ಆಡುತ್ತಾರೆ. ತಿರುವಿನಲ್ಲಿ ಎಷ್ಟು ಗ್ರಿಪ್ ಸಿಗುತ್ತದೆ, ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು, ಇಷ್ಟೇ. ನಾನು ಚಿಕ್ಕಬಳ್ಳಾಪುರದವನು. ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಬರುವ ಕೆಂಪು, ಹಳದಿ ಕಾರುಗಳ ಸದ್ದು ನಮಗೆ ಹೊಸದಲ್ಲ. ಆ ಕಾರುಗಳ ಸುತ್ತ ನಿಂತವರು ಆಡುವ ಮಾತೂ ಇದೇ. ಆದರೆ ಟೈರ್ ಆರಿಸಬೇಕಾದದ್ದು ಆ ಬೆಳಿಗ್ಗೆಗಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಕ್ಟೋಬರ್ ತಿಂಗಳ ಒಂದು ಸಂಜೆಗೆ ಆರಿಸಬೇಕು. ದೇವನಹಳ್ಳಿ ದಾಟಿ ಮನೆ ಕಡೆ ಬರುತ್ತಿರುತ್ತೀರಿ. ಮಳೆ ಹುಯ್ಯುತ್ತಿರುತ್ತದೆ. ರಸ್ತೆ ತಗ್ಗಿರುವ ಕಡೆಯೆಲ್ಲ ನೀರು ನಿಂತಿರುತ್ತದೆ. ಮುಂದಿನ ಲಾರಿ ಎರಚುವ ನೀರಲ್ಲಿ ದಾರಿಯೇ ಕಾಣುವುದಿಲ್ಲ. ಆ ಹೊತ್ತಿನಲ್ಲಿ ನೆಲ ಬಿಡದ ಟೈರ್ ಯಾವುದು? ಮೊದಲು ಕೇಳಬೇಕಾದ ಪ್ರಶ್ನೆ ಅದು.

ಈ ಮಾತು ಯಾಕೆ ಬಂತು ಅಂದರೆ, ನಮ್ಮ ಅಣ್ಣನ ಕಾರಿಗೆ ಈಚೆಗೆ ಟೈರ್ ಹಾಕಿಸಬೇಕಾಯಿತು. ಪೋರ್ಷೆ ಕೇಮನ್ ಎಸ್, 2014ರ ಗಾಡಿ, ಸೆಕೆಂಡ್ ಹ್ಯಾಂಡ್. ಅಣ್ಣ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುತ್ತಾನೆ. ವರ್ಷಗಟ್ಟಲೆ ಹೂವಿನ ದುಡ್ಡು ಕೂಡಿಟ್ಟು ತಗೊಂಡ ಕಾರು ಅದು. 3.4 ಲೀಟರಿನ ಆರು ಸಿಲಿಂಡರ್ ಎಂಜಿನ್, 325 ಅಶ್ವಶಕ್ತಿ. ಎಂಜಿನ್ ಕೂತಿರುವುದು ಸೀಟಿನ ಹಿಂದೆ. ಎಂಜಿನ್ನಿನ ಬಲ ಸಿಗುವುದು ಹಿಂದಿನ ಚಕ್ರಗಳಿಗೆ ಮಾತ್ರ. ಓಡಿಸುವ ಖುಷಿ ಅಣ್ಣನದು, ಗಾಡಿ ನೋಡಿಕೊಳ್ಳುವ ಕೆಲಸ ನನ್ನದು. ಎರಡೂ ನಮಗೆ ಇಷ್ಟವೇ.

ಹೊರಗಿನಿಂದ ನೋಡಿದರೆ ಹಳೇ ಟೈರ್‌ಗಳಲ್ಲಿ ಏನೂ ಕೊರತೆ ಇರಲಿಲ್ಲ. ಹೊರ ಅಂಚಿನಲ್ಲಿ ಬಟನ್, ಅಂದರೆ ಚಡಿಗಳ ನಡುವೆ ನೆಲಕ್ಕೆ ತಾಗುವ ರಬ್ಬರ್ ಉಬ್ಬು, ಧಾರಾಳವಾಗಿತ್ತು. ಆದರೆ ಇಂಥ ಕಾರುಗಳ ಹಿಂದಿನ ಚಕ್ರ ನೆಟ್ಟಗೆ ನಿಂತಿರುವುದಿಲ್ಲ. ಮೇಲಿನ ತುದಿ ಸ್ವಲ್ಪ ಒಳಕ್ಕೆ ವಾಲಿರುತ್ತದೆ. ಇದಕ್ಕೆ ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ಜೋರಾಗಿ ತಿರುಗುವಾಗ ಗಾಡಿ ಹೊರಗಡೆಗೆ ಒರಗುತ್ತದಲ್ಲ, ಆಗ ಟೈರ್ ಪೂರ್ತಿ ಅಗಲಕ್ಕೆ ನೆಲದ ಮೇಲೆ ಕೂರಲಿ ಎಂದು ಹೀಗೆ ಮಾಡಿರುತ್ತಾರೆ. ನೇರ ರಸ್ತೆಯಲ್ಲಿ ಇದರಿಂದ ಒಳಗಿನ ಅಂಚಿಗೆ ಪೆಟ್ಟು. ಜಾಸ್ತಿ ಹೆದ್ದಾರಿಯಲ್ಲೇ ಓಡುವ ಕಾರಿಗೆ ಆ ಕಡೆ ಇನ್ನೂ ಬೇಗ ಸವೆಯುತ್ತದೆ. ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಮೊಬೈಲ್ ಟಾರ್ಚ್ ಹಾಕಿ ಒಳಗಡೆ ನೋಡಿದಾಗ ಹಿಂದಿನ ಎರಡೂ ಟೈರ್‌ಗಳ ಒಳ ಚಡಿ ಸವೆತದ ಗುರುತಿನವರೆಗೆ ಇಳಿದಿತ್ತು. ಚಡಿಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಬಿಟ್ಟಿರುತ್ತಾರೆ. ಅದರ ಎತ್ತರ 1.6 ಮಿಲಿಮೀಟರ್. ಬಟನ್ ಅದರ ಸಮಕ್ಕೆ ಬಂದರೆ ಕಾನೂನಿನ ಲೆಕ್ಕದಲ್ಲೂ ಟೈರ್ ಮುಗಿಯಿತು. ಅಗಲ ಟೈರಿನ ಕಾರು ಇಟ್ಟುಕೊಂಡವರು ದಯವಿಟ್ಟು ಒಳ ಅಂಚು ನೋಡಿ. ನಿಂತು ನೋಡಿದರೆ ಕಾಣುವುದಿಲ್ಲ, ಬಗ್ಗಲೇಬೇಕು.

ಮುಂದಿನ ಎರಡರಲ್ಲಿ ಬಟನ್ ಇತ್ತು. ಆದರೆ ಪಕ್ಕದಲ್ಲಿ 3417 ಎಂದು ಅಚ್ಚಾಗಿತ್ತು. ಅಂದರೆ 2017ರ 34ನೇ ವಾರ ತಯಾರಾದದ್ದು. ರಬ್ಬರಿಗೂ ವಯಸ್ಸಾಗುತ್ತದೆ. ಗಾಳಿ, ಬಿಸಿಲು, ಕಾವು ಎಲ್ಲ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಐದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ಚೆನ್ನಾಗಿ ಕಂಡರೂ ಹತ್ತು ವರ್ಷಕ್ಕೆ ತೆಗೆದುಹಾಕಿ ಎಂದು ಮಿಷೆಲಿನ್ ಕಂಪನಿಯೇ ಹೇಳುತ್ತದೆ. ಸ್ಪೋರ್ಟ್ಸ್ ಕಾರಿಗೆ ನಾನು ಅಷ್ಟು ದಿನ ಕಾಯುವುದಿಲ್ಲ. ಗಟ್ಟಿಯಾದ ಟೈರ್ ಮಳೆಯಲ್ಲಿ ಹೇಗಿರುತ್ತದೆ ಅಂದರೆ, ಸವೆದ ಹಳೇ ರಬ್ಬರ್ ಚಪ್ಪಲಿ ಹಾಕಿಕೊಂಡು ಒದ್ದೆ ಬಚ್ಚಲ ಕಲ್ಲಿನ ಮೇಲೆ ನಿಂತ ಹಾಗೆ.

ಅಪ್ಪ ಕೇಳಿದರು, "ಮುಂದಿನವು ಚೆನ್ನಾಗಿಯೇ ಇವೆಯಲ್ಲೋ, ಹಿಂದಿನವು ಎರಡು ಹಾಕ್ಸಿದ್ರೆ ಸಾಲದಾ?" ಮಾಮೂಲಿ ಕಾರಾಗಿದ್ದರೆ ಅದು ಸರಿಯಾದ ಪ್ರಶ್ನೆ. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಸಮವಾಗಿ ಸವೆಸಬಹುದು. ಈ ಕಾರಿನಲ್ಲಿ ಅದು ಆಗುವುದಿಲ್ಲ. ಮುಂದೆ 235/40 ಝಡ್‌ಆರ್ 19, ಹಿಂದೆ 265/40 ಝಡ್‌ಆರ್ 19. ಸೈಜೇ ಬೇರೆ. ಇನ್ನು ಹೊಸ ಮೆತ್ತನೆಯ ಟೈರ್ ಹಿಂದೆ, ಏಳೆಂಟು ವರ್ಷದ ಗಟ್ಟಿ ಟೈರ್ ಮುಂದೆ ಹಾಕಿದರೆ, ಒದ್ದೆ ರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತದೆ. ತಿರುಗುಮುರುಗು ಆದರೆ ಇನ್ನೂ ಅಪಾಯ. ಭಾರವೆಲ್ಲ ನಡುವೆ ಇರುವುದರಿಂದ ಈ ಗಾಡಿ ಬೇಗ ತಿರುಗುತ್ತದೆ. ಅದೇ ಅದರ ಚೆಂದ. ಹಿಂದಿನ ಟೈರ್ ಕೈಬಿಟ್ಟರೆ ಗಿರ್ರನೆ ಸುತ್ತುವುದೂ ಅಷ್ಟೇ ಬೇಗ. ಹಾಗಾಗಿ ನಾಲ್ಕೂ ಒಂದೇ ಕಂಪನಿಯವು, ಒಂದೇ ಮಾದರಿಯವು, ಹತ್ತಿರ ಹತ್ತಿರದ ತಾರೀಖಿನವು ಆಗಬೇಕು ಎಂದು ನಾನು ಪಟ್ಟು ಹಿಡಿದೆ.

ಅಣ್ಣನ ವಾದವೇ ಬೇರೆ ಇತ್ತು. "ಇಂಥ ಗಾಡಿ ಇಟ್ಕೊಂಡು ಸಾಧಾರಣ ಟೈರ್ ಯಾಕೋ? ಕಪ್ 2 ಹಾಕ್ಸೋಣ ಬಿಡು" ಎಂದ. ಮಿಷೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಅಂದರೆ ರೇಸ್ ಟ್ರ್ಯಾಕಿಗೆಂದು ಮಾಡಿ, ರಸ್ತೆಯಲ್ಲೂ ಓಡಿಸಲು ಅನುಮತಿ ಇರುವ ಟೈರ್. ಒಣ ನೆಲದಲ್ಲಿ ಅದರ ಹಿಡಿತಕ್ಕೆ ಸಾಟಿ ಕಡಿಮೆ. ಅಣ್ಣನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅವನ ಕಾರು ಓಡುವ ರಸ್ತೆ ಯಾವುದು? ಆ ಸೈಜ್ ಸಿಗುತ್ತದೋ ಇಲ್ಲವೋ ಎಂಬ ಮಾತಿಗೆ ಹೋಗುವ ಮೊದಲೇ ನಾನು ಇದನ್ನು ಕೇಳಿದೆ.

ಸವೆದ ಟೈರ್ ಮತ್ತು ನೀರಿನ ಬಗ್ಗೆ ಒಂದು ಹಳೇ ಲೆಕ್ಕ ಇದೆ. 1960ರ ದಶಕದಲ್ಲಿ ನಾಸಾದ ವಾಲ್ಟರ್ ಹಾರ್ನ್ ವಿಮಾನದ ಟೈರ್‌ಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡದ್ದು. ರನ್‌ವೇ ಮೇಲೆ ನೀರು ನಿಂತಾಗ ಯಾವ ವೇಗದಲ್ಲಿ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ? ಟೈರಿನ ಗಾಳಿಯ ಒತ್ತಡವನ್ನು ಪಿಎಸ್ಐನಲ್ಲಿ ತಗೊಂಡು ಅದರ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಿದರೆ, ಆ ವೇಗ ನಾಟ್ ಲೆಕ್ಕದಲ್ಲಿ, ಅಂದರೆ ವಿಮಾನ, ಹಡಗುಗಳ ವೇಗದ ಅಳತೆಯಲ್ಲಿ, ಸಿಗುತ್ತದೆ. ಕಾರಿನ ಟೈರಿಗೆ 32 ಪಿಎಸ್ಐ ಹಿಡಿಯಿರಿ. ಸುಮಾರು 51 ನಾಟ್ ಬರುತ್ತದೆ. ಅಂದರೆ ಗಂಟೆಗೆ ಹೆಚ್ಚು ಕಡಿಮೆ 94 ಕಿಲೋಮೀಟರ್. ಚಡಿ ಆಳ ಇದ್ದು ನೀರನ್ನು ಪಕ್ಕಕ್ಕೆ ತಳ್ಳುತ್ತಿದ್ದರೆ ಈ ವೇಗ ಮೇಲಕ್ಕೆ ಹೋಗುತ್ತದೆ. ಚಡಿ ಸವೆದು, ನೀರು ಅದಕ್ಕಿಂತ ಆಳವಾಗಿದ್ದರೆ ಈ ಲೆಕ್ಕದ ಹತ್ತಿರಕ್ಕೆ ಬರುತ್ತದೆ. ಟೈರ್ ಅಗಲ ಆದಷ್ಟೂ ತಳ್ಳಬೇಕಾದ ನೀರೂ ಜಾಸ್ತಿ.

ಈಗ ನಮ್ಮ ರಸ್ತೆಗೆ ಬನ್ನಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ 100 ಕಿಲೋಮೀಟರ್. ಅಂದರೆ ಕಾನೂನು ಮೀರದೆ ಹೋಗುತ್ತಿದ್ದರೂ ಸವೆದ ಟೈರ್ ನೀರಿನ ಮೇಲೆ ತೇಲಬಹುದು. 325 ಅಶ್ವಶಕ್ತಿ ಇರಲಿ, 70 ಇರಲಿ, ತೇಲುವ ಟೈರಿಗೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ನನ್ನನ್ನು ಹೆದರಿಸಿದ್ದು ಈ ಲೆಕ್ಕವೇ. ಕಪ್ 2 ಹೊಸದಾಗಿದ್ದಾಗಲೇ ಅದರ ಚಡಿ ಕಡಿಮೆ ಆಳ, ಹೊರ ಅಂಚಂತೂ ಬಹುಪಾಲು ನುಣುಪು. ಒಣ ನೆಲದಲ್ಲಿ ಜಾಸ್ತಿ ರಬ್ಬರ್ ನೆಲಕ್ಕೆ ತಾಗಲಿ ಎಂದೇ ಹಾಗೆ ಮಾಡಿದ್ದಾರೆ. ನೀರು ನಿಂತ ಕಡೆ ಹುಷಾರು ಎಂದು ಕಂಪನಿಯೇ ಎಚ್ಚರಿಸುತ್ತದೆ.

ನಮ್ಮ ಕಡೆ ಮಳೆಯ ರೀತಿಯೂ ಹಾಗೇ ಇದೆ. ಬಯಲು ಸೀಮೆ. ತಿಂಗಳುಗಟ್ಟಲೆ ಒಣಗಿ ಕೂತ ರಸ್ತೆಯ ಮೇಲೆ ಧೂಳು, ಲಾರಿಗಳ ಆಯಿಲ್, ಸವೆದ ರಬ್ಬರ್ ಎಲ್ಲ ಮೆತ್ತಿಕೊಂಡಿರುತ್ತದೆ. ಮೊದಲ ಮಳೆಯ ಮೊದಲ ಹತ್ತಿಪ್ಪತ್ತು ನಿಮಿಷ ಅದೆಲ್ಲ ಸೇರಿ ಜಾರುತ್ತದೆ. ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಸಂಜೆ. ಅಣ್ಣ ಮಾರ್ಕೆಟ್ ಕೆಲಸ ಮುಗಿಸಿಕೊಂಡು ಬೆಂಗಳೂರಿನಿಂದ ವಾಪಸ್ ಬರುವುದೂ ಸಂಜೆಯೇ.

"ಹಾಗಾದ್ರೆ ಬೆಟ್ಟಕ್ಕೆ?" ಎಂದ ಅಣ್ಣ. ಬೆಟ್ಟದ ಮಾತಲ್ಲೂ ಕಪ್ 2 ಗೆಲ್ಲುವುದಿಲ್ಲ. ನಂದಿ ಬೆಟ್ಟ 1,478 ಮೀಟರ್ ಎತ್ತರ. ಚಳಿಗಾಲದ ಬೆಳಿಗ್ಗೆ ಮಂಜು ಹನಿದು ರಸ್ತೆ ಒದ್ದೆಯಾಗಿರುತ್ತದೆ. ಟ್ರ್ಯಾಕ್ ಟೈರಿನ ರಬ್ಬರ್ ಚೆನ್ನಾಗಿ ಕಾದ ಮೇಲೆಯೇ ಪೂರ್ತಿ ಹಿಡಿತ ಕೊಡುವುದು. ತಣ್ಣನೆಯ ಬೆಳಿಗ್ಗೆ ನಂದಿ ಊರು ದಾಟಿ ಹತ್ತಲು ಶುರು ಮಾಡಿದರೆ, ಟೈರ್ ಕಾಯುವಷ್ಟರಲ್ಲಿ ಬೆಟ್ಟ ಮುಗಿದಿರುತ್ತದೆ. ಮೇಲಾಗಿ ಅದು ರೇಸಿನ ಜಾಗವೇ ಅಲ್ಲ. ತಿರುವಿನ ಆಚೆ ಸೈಕಲ್ ತುಳಿಯುವವರು ಇರುತ್ತಾರೆ, ಮಗು ಎತ್ತಿಕೊಂಡು ನಡೆಯುವವರು ಇರುತ್ತಾರೆ, ಕೋತಿಗಳು ಇರುತ್ತವೆ. ಕಾರಿನ ಶಕ್ತಿ ನೋಡಲೇಬೇಕು ಎಂದಿದ್ದರೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ. ಅದಕ್ಕೆ ಬೇರೆ ರಿಮ್, ಬೇರೆ ಟೈರ್ ಇಟ್ಟುಕೊಳ್ಳೋಣ ಎಂದೆ. ಅಣ್ಣ ಆ ಮಾತಿಗೆ ಒಪ್ಪಿದ.

ಆಮೇಲೆ ಪಕ್ಕದ ಗೋಡೆಯ ಲೆಕ್ಕ. 235/40 ಎಂದರೆ ಟೈರಿನ ಅಗಲ 235 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 40. ಅಂದರೆ 94 ಮಿಲಿಮೀಟರ್. ಹಳೇ ಸ್ವಿಫ್ಟ್ ಕಾರಿನ 165/80 ಟೈರಿನಲ್ಲಿ ಇದು 132. ರಿಮ್ಮಿಗೂ ಗುಂಡಿಗೂ ನಡುವೆ ಇರುವುದು ಇಷ್ಟೇ ರಬ್ಬರ್ ಮತ್ತು ಗಾಳಿ. ಪೆರೇಸಂದ್ರದ ಕಡೆಯ ಹಳ್ಳಿ ರಸ್ತೆಗಳಲ್ಲಿ ಬಣ್ಣ ಬಳಿಯದ ಹಂಪ್ಸ್ ಎಷ್ಟೋ ಇವೆ. ರಾತ್ರಿ ಒಂದು ಕಾಣದಿದ್ದರೆ ರಿಮ್ ಬಗ್ಗುತ್ತದೆ, ಇಲ್ಲವೇ ಟೈರಿನ ಪಕ್ಕ ಗುಳ್ಳೆ ಎದ್ದು ಊದಿಕೊಳ್ಳುತ್ತದೆ. ಊದಿತು ಅಂದರೆ ಒಳಗಿನ ದಾರಗಳು ಹರಿದಿವೆ ಎಂದೇ ಅರ್ಥ. ಅದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ, ಬಿಸಾಡಬೇಕು. ಈ ಗಾಡಿಯಲ್ಲಿ ಸ್ಟೆಪ್ನಿಯೂ ಇರುವುದಿಲ್ಲ. ಗಾಳಿ ತುಂಬುವ ಸಣ್ಣ ಪಂಪು ಮತ್ತು ಪಂಕ್ಚರ್ ಮುಚ್ಚುವ ದ್ರವ ಕೊಟ್ಟಿರುತ್ತಾರೆ. ಪಕ್ಕ ಹರಿದರೆ ಅವೆರಡೂ ಉಪಯೋಗಕ್ಕೆ ಬರುವುದಿಲ್ಲ.

ಎಸ್ ಅಲ್ಲದ ಕೇಮನ್‌ಗೆ ಕಂಪನಿಯೇ 18 ಇಂಚಿನ ರಿಮ್, 235/45 ಟೈರ್ ಕೊಡುತ್ತಿತ್ತು. ಒಟ್ಟು ಎತ್ತರದಲ್ಲಿ ವ್ಯತ್ಯಾಸ ಎರಡು ಮಿಲಿಮೀಟರ್ ಆಸುಪಾಸು. ಆದರೆ ಪಕ್ಕದ ಗೋಡೆ 106 ಮಿಲಿಮೀಟರಿಗೆ ಏರುತ್ತದೆ. ನಮ್ಮ ರಸ್ತೆಗಳಿಗೆ ಈ ಸೈಜೇ ಮೇಲು ಎನಿಸುತ್ತದೆ. ಎಸ್ ಗಾಡಿಯ ಬ್ರೇಕ್ ದೊಡ್ಡದು, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿಗೆ ತಾಗದ ರಿಮ್ ಹುಡುಕಬೇಕು. ಅದನ್ನು ಸದ್ಯಕ್ಕೆ ಬಿಟ್ಟೆವು.

ಸೈಜ್ ಆದಮೇಲೆ ಬರುವ ಅಂಕಿ, ಅಕ್ಷರವನ್ನು ಜಾಸ್ತಿ ಜನ ಓದುವುದೇ ಇಲ್ಲ. 92ವೈ ಎಂದಿದ್ದರೆ ಒಂದು ಟೈರ್ 630 ಕಿಲೋ ಹೊರುತ್ತದೆ, 300 ಕಿಲೋಮೀಟರ್ ವೇಗ ತಡೆಯುತ್ತದೆ. 98 ಎಂದಿದ್ದರೆ 750 ಕಿಲೋ. ಡಬ್ಲ್ಯೂ ಎಂದಿದ್ದರೆ 270 ಕಿಲೋಮೀಟರ್, ವಿ ಎಂದಿದ್ದರೆ 240. ನೂರರ ಮಿತಿ ಇರುವ ಹೆದ್ದಾರಿಯಲ್ಲಿ ಮುನ್ನೂರರ ಟೈರ್ ಯಾಕೆ ಎಂದು ಕೇಳಬಹುದು. ವೇಗ ತಡೆಯುವುದು ಅಂದರೆ ನಿಜವಾಗಿ ಕಾವು ತಡೆಯುವುದು. ಏಪ್ರಿಲ್ ಮಧ್ಯಾಹ್ನ ಬಾಗೇಪಲ್ಲಿ ದಾಟಿ ಅನಂತಪುರದ ಕಡೆ ಹೋಗಿ ನೋಡಿ. ಟಾರು ಕಾದು ಕುದಿಯುತ್ತಿರುತ್ತದೆ. ಅದರ ಜೊತೆ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಪಕ್ಕದ ಗೋಡೆ ಸುತ್ತುಸುತ್ತಿಗೂ ಮಡಚಿ ಬಿಚ್ಚಿ ಇನ್ನೂ ಕಾಯುತ್ತದೆ. ಹಾಗಾಗಿ ಈ ಎರಡು ಗುರುತು ಕಂಪನಿ ಹೇಳಿದ್ದಕ್ಕಿಂತ ಮೇಲಿರಬಹುದು, ಕೆಳಗಿರಬಾರದು. ಕಡಿಮೆ ಬೆಲೆಗೆ ಅದೇ ಸೈಜ್ ಕೊಡುತ್ತೇವೆ ಎಂದವರ ಹತ್ತಿರ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ.

ಟೈರ್ ಸಿಗುವುದೇ ಇನ್ನೊಂದು ಕಷ್ಟ. ನಮ್ಮಲ್ಲಿ ಮಾರುವ ಕಾರ್ ಟೈರ್ ಮೇಲೆ ಐಎಸ್ಐ ಗುರುತು ಇರಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಹಾಕಿತು. ಮೊದಲಿನ ಹಾಗೆ ಸುಮ್ನೆ ತರಿಸುವಂತಿಲ್ಲ, ಲೈಸೆನ್ಸ್ ಬೇಕು. ಇಲ್ಲಿನ ಉದ್ಯಮ ಬೆಳೆಯಲಿ ಎನ್ನುವ ಉದ್ದೇಶ ಸರಿಯೇ ಇರಬಹುದು. ಆದರೆ 19 ಇಂಚಿನ ಹಿಂದೊಂದು ಮುಂದೊಂದು ಸೈಜಿನ ಟೈರ್ ನಮ್ಮ ದೇಶದಲ್ಲಿ ಎಷ್ಟು ಜನಕ್ಕೆ ಬೇಕು? ತರಿಸುವವರೂ ಅಷ್ಟೇ ಕಡಿಮೆ. ಮುಂದಿನದು ಸಿಕ್ಕರೆ ಹಿಂದಿನದಿಲ್ಲ, ಹಿಂದಿನದು ಸಿಕ್ಕರೆ ಮುಂದಿನದಿಲ್ಲ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾಲ್ಕೂ ಇವೆ ಎಂದರು. ಹೋಗಿ ನೋಡಿದೆವು. "ಸಾರ್, ಬ್ರ್ಯಾಂಡ್ ನ್ಯೂ, ಒಂದು ಕಿಲೋಮೀಟರೂ ಓಡಿಲ್ಲ" ಎಂದು ಆ ಹುಡುಗ ಹೇಳಿದ್ದು ನಿಜವೇ. ಓಡಿರಲಿಲ್ಲ. ಆದರೆ ತಯಾರಾಗಿ ನಾಲ್ಕು ವರ್ಷ ದಾಟಿತ್ತು, ಬೆಲೆ ಮಾತ್ರ ಇವತ್ತಿನದು. ಅದರ ಮೇಲೆ ಎನ್ ಗುರುತೂ ಇತ್ತು. ಪೋರ್ಷೆ ತಾನೇ ಪರೀಕ್ಷೆ ಮಾಡಿ ಒಪ್ಪಿದ ಟೈರ್ ಮೇಲೆ ಎನ್0, ಎನ್1 ಎಂದು ಹಾಕುತ್ತಾರೆ. ಬಿಎಂಡಬ್ಲ್ಯೂಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ ಇದ್ದ ಹಾಗೆ. ಹೆಸರು ಒಂದೇ ಆದರೂ ಎನ್ ಗುರುತಿನ ಟೈರಿನ ಒಳಗಿನ ರಚನೆ, ರಬ್ಬರ್ ಬೇರೆ ಇರಬಹುದು. ಅದಕ್ಕೇ ಗುರುತು ಇರುವುದನ್ನೂ ಇಲ್ಲದ್ದನ್ನೂ ಬೆರೆಸಬಾರದು. ಎನ್ ಗುರುತಿನದೇ ಹಾಕಬೇಕು ಎಂದು ಹಟ ಹಿಡಿಯುವವರನ್ನು ನಾನು ಗೌರವಿಸುತ್ತೇನೆ. ಹೊಸ ತಾರೀಖಿನದು ಸಿಕ್ಕಿದ್ದರೆ ನಾನೂ ಅದನ್ನೇ ತಗೊಳ್ಳುತ್ತಿದ್ದೆ. ಆದರೆ ನಾಲ್ಕು ವರ್ಷ ಗೋಡೌನಿನಲ್ಲಿ ಕೂತ ಎನ್ ಗುರುತಿಗಿಂತ, ಅದೇ ದರ್ಜೆಯ ಹೊಸ ಟೈರ್ ನಾಲ್ಕೂ ಒಟ್ಟಿಗೆ ಸಿಕ್ಕರೆ ಅದೇ ಮೇಲು. ವಾಪಸ್ ಬಂದೆವು. ಕಾದೆವು. ಆ ದಿನಗಳಲ್ಲಿ ಕಾರು ಶೆಡ್ಡಿನಲ್ಲೇ ನಿಂತಿತ್ತು.

ಕೊನೆಗೆ ಹಾಕಿಸಿದ್ದು ಮಿಷೆಲಿನ್ ಪೈಲಟ್ ಸ್ಪೋರ್ಟ್ 4 ಎಸ್. ಒದ್ದೆ ನೆಲದ ಹಿಡಿತಕ್ಕೆ ಅಮೆರಿಕದ ದರ್ಜೆಯಲ್ಲಿ ಅತಿ ಮೇಲಿನ ಎಎ ಪಡೆದ ಟೈರ್. ಬಾಳಿಕೆಯ ಅಂಕಿ 300. ಕಪ್ 2ಗೆ ಅದು 180. ಈ ಅಂಕಿಯನ್ನು ಟೆಕ್ಸಾಸ್ ರಸ್ತೆಗಳಲ್ಲಿ 7,200 ಮೈಲಿ, ಅಂದರೆ ಸುಮಾರು 11,600 ಕಿಲೋಮೀಟರ್ ಓಡಿಸಿ ಲೆಕ್ಕ ಹಾಕುತ್ತಾರೆ. ಅಂಕಿ ಕೊಡುವುದು ಆಯಾ ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಅದು ಒಳ್ಳೆಯದು. ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟು ನೆಚ್ಚಿಕೊಳ್ಳಬಾರದು.

ಈ ಟೈರಿನಲ್ಲಿ ನನಗೆ ತುಂಬಾ ಹಿಡಿಸಿದ ಒಂದು ವಿಷಯ ಇದೆ. ಅಗಲದ ಉದ್ದಕ್ಕೂ ಒಂದೇ ರಬ್ಬರ್ ಇಲ್ಲ. ಹೊರಗಿನ ಅಂಚಿನದು ಒಣ ತಿರುವಿಗೆ. ಒಳಗಡೆಯದು ಸಿಲಿಕಾ ಬೆರೆಸಿದ್ದು, ಒದ್ದೆ ನೆಲಕ್ಕೆ. ಇದನ್ನು ಓದಿದಾಗ ಹಳೇ ಟೈರಿನ ಒಳ ಅಂಚು ನೆನಪಾಯಿತು. ಕ್ಯಾಂಬರ್ ಜಾಸ್ತಿ ಇದ್ದರೆ ಮೊದಲು ಸವೆಯುವುದು ಅದೇ ಒಳಗಡೆ, ಅಂದರೆ ಮಳೆಗೆಂದು ಇಟ್ಟ ಭಾಗ. ಹೊರಗಡೆ ಬಟನ್ ಫಳಫಳ ಎನ್ನುತ್ತಿರುತ್ತದೆ, ಮಳೆಗೆ ಬೇಕಾದದ್ದು ಅಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ ಟೈರ್ ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿದೆವು. ಹಿಂದಿನ ಕ್ಯಾಂಬರನ್ನು ಕಂಪನಿ ಹೇಳಿದ ಮಿತಿಯ ಒಳಗೇ, ಸಾಧ್ಯವಾದಷ್ಟು ನೆಟ್ಟಗೆ ಇಡಿ ಎಂದು ಕೇಳಿಕೊಂಡೆ. ತಿರುವಿನಲ್ಲಿ ಒಂದು ಚೂರು ಹಿಡಿತ ಕಡಿಮೆಯಾಗುತ್ತದೆ, ಆಗಲಿ.

ಹಾಕಿಸುವ ಜಾಗವನ್ನೂ ನೋಡಿಕೊಂಡೇ ಹೋದೆವು. ಇಷ್ಟು ಗಿಡ್ಡ ಗೋಡೆಯ ಟೈರನ್ನು ಕಬ್ಬಿಣದ ಪಟ್ಟಿ ಹಾಕಿ ಮೀಟಿದರೆ ರಿಮ್ ಗೀರುತ್ತದೆ, ಟೈರಿನ ಅಂಚೂ ಹರಿಯಬಹುದು. ಪಟ್ಟಿ ಬೇಕಿಲ್ಲದ ಮೆಷಿನ್ ಇದ್ದ ಕಡೆ ಮಾಡಿಸಿದೆವು. "ಔಟ್‌ಸೈಡ್" ಎಂದು ಬರೆದ ಮೈ ನಾಲ್ಕರಲ್ಲೂ ಹೊರಗೇ ಇದೆಯಾ ಎಂದು ಸುತ್ತಿ ನೋಡಿದೆ. ನೈಟ್ರೋಜನ್ ಹಾಕಲೇ ಸಾರ್ ಎಂದು ಕೇಳಿದರು. ಬೇಡ ಎಂದೆ. ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಗಾಳಿ ಯಾವುದು ಎನ್ನುವುದಕ್ಕಿಂತ ಎಷ್ಟಿದೆ ಎನ್ನುವುದು ಮುಖ್ಯ. ಹವಾ ಐದಾರು ಡಿಗ್ರಿ ತಣ್ಣಗಾದರೆ ಹೆಚ್ಚು ಕಡಿಮೆ ಒಂದು ಪಿಎಸ್ಐ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ತುಂಬಿಸಿ ಡಿಸೆಂಬರ್ ಬೆಳಿಗ್ಗೆಯವರೆಗೆ ಮರೆತರೆ ಮೂರು ನಾಲ್ಕು ಪಿಎಸ್ಐ ಹೋಗಿರುತ್ತದೆ. ಹಾರ್ನ್ ಲೆಕ್ಕದಲ್ಲಿ ಒತ್ತಡ ಇಳಿದಷ್ಟೂ ತೇಲುವ ವೇಗವೂ ಇಳಿಯುತ್ತದಲ್ಲ, ಅದಕ್ಕೇ ಮಳೆಗಾಲದಲ್ಲಿ ನಾನು ಗಾಡಿ ತಣ್ಣಗಿರುವಾಗಲೇ ಗಾಳಿ ನೋಡುತ್ತೇನೆ.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನಕ್ಕೆ ಓಡಿಸು ಎಂದಿದ್ದೆ, ಅಣ್ಣ ಹಾಗೇ ಓಡಿಸಿದ. ಈಗ ಹಿಂದಿನವು ಮುಂದಿನದಕ್ಕಿಂತ ಬೇಗ ಸವೆಯುತ್ತವೆ, ಅದು ಗೊತ್ತಿದ್ದದ್ದೇ. ಆಳ ಅಳೆಯುವ ಸಣ್ಣ ಗೇಜ್ ತಗೊಂಡಿದ್ದೇನೆ. ಪ್ರತಿ ಸಲ ಒಳ ಚಡಿ, ನಡುವಿನ ಚಡಿ, ಹೊರ ಚಡಿ ಮೂರನ್ನೂ ಅಳೆದು ಬರೆದಿಡುತ್ತೇನೆ. ಕಾನೂನು 1.6 ಅನ್ನಲಿ, ಒಳ ಚಡಿ 3 ಮಿಲಿಮೀಟರಿಗೆ ಬಂದರೆ ಮಳೆಗಾಲಕ್ಕೆ ಮುಂಚೆಯೇ ಹಿಂದಿನ ಎರಡನ್ನು ಬದಲಾಯಿಸುವುದು ಎಂದು ಅಣ್ಣನೂ ನಾನೂ ಮಾತಾಡಿಕೊಂಡಿದ್ದೇವೆ. ಅದೇ ಮಾದರಿ, ಅದೇ ಸೈಜ್ ಬೇಕಾಗುತ್ತದೆ. ಅದಕ್ಕೆ ಅಂಗಡಿಯವರಿಗೆ ಈಗಿನಿಂದಲೇ ಹೇಳಿಟ್ಟಿದ್ದೇವೆ, ಹೊಸ ತಾರೀಖಿನ ಜೋಡಿ ಬಂದ ತಕ್ಷಣ ಫೋನ್ ಮಾಡಿ ಎಂದು.